ಮಗಳಿಗೊಂದು ಪತ್ರ: 'ಮುಂದಿನ ವರ್ಷ ಬರ್ತೀವಿ' ಅನ್ನಬೇಡ

ಹಾಸನ
ಜುಲೈ, ಗುರುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ,

ನಿನ್ನೆ ರಾತ್ರಿ ಹನ್ನೊಂದೂವರೆಗೆ ನಿನ್ನ ವಾಯ್ಸ್ ಮೆಸೇಜ್ ಬಂತು. ನಮ್ಮ ಚರ್ಚಿನ ತಂಡದ ಜೊತೆ ಮೂರು ವಾರದ ಸೇವೆಗೆ ಅಂತ ನೀನು ಹೋಗಿರುವ ಆಫ್ರಿಕಾದ ಮಲಾವಿಯ ಆಸ್ಪತ್ರೆಯಲ್ಲಿ ಆಗ ಎಂಟು ಗಂಟೆ, ಅಲ್ವಾ? ಅಪ್ಪ ಮಲಗಿದ್ದರು. ಅಡುಗೆಮನೆಗೆ ಹೋಗಿ ಫೋನನ್ನು ಕಿವಿಗೆ ಒತ್ತಿಕೊಂಡು ಎರಡು ಸಲ ಕೇಳಿದೆ. ಕರೆಂಟ್ ಹೋಗಿದೆ, ಮುಲಾಂಜೆ ಬೆಟ್ಟದಿಂದ ಮಂಜು ಇಳಿದು ಜಿಟಿಜಿಟಿ ಮಳೆ, ಇದಕ್ಕೆ ಇಲ್ಲಿ ಚಿಪೆರೋನಿ ಅಂತಾರೆ, ಥೇಟ್ ಸಕಲೇಶಪುರ ಕಣಮ್ಮ ಅಂದೆ. ಅಲ್ಲಿಯವರೆಗೆ ದನಿ ಚೆನ್ನಾಗಿತ್ತು. ಆಮೇಲೆ, "ಇನ್ನು ನಾಲ್ಕೇ ದಿನ. ನಾನಿಲ್ಲಿ ಏನೂ ಮಾಡಲೇ ಇಲ್ಲಮ್ಮ" ಅಂದು ಸುಮ್ಮನಾದೆ. ಬರೀ ಮಳೆ ಸದ್ದು ಕೇಳಿಸುತ್ತಿತ್ತು.

ಫೋನ್ ಮಾಡೋಣ ಅಂದುಕೊಂಡೆ. ಮಾಡಿದರೆ ಇಬ್ಬರೂ ಅಳುತ್ತೇವೆ, ಹೇಳಬೇಕಾದ್ದು ಉಳಿದುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ತಮ್ಮನ ಕೈಲಿ ಹಾಳೆಗಳ ಫೋಟೋ ತೆಗೆಸಿ ಕಳಿಸುತ್ತೇನೆ. ನೆಟ್‌ವರ್ಕ್ ಸಿಕ್ಕಾಗ ಓದು.

ಮೊದಲು ನೀನು ಹೇಳಿದ್ದಕ್ಕೆ ಬರುತ್ತೇನೆ. ಎಂಟು ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ಕತ್ತಲಲ್ಲೂ ನರ ಹುಡುಕಿ ಡ್ರಿಪ್ ಹಾಕುವ ಕೈ ನಿನ್ನದು. ಅಲ್ಲಿ ನಿನಗೆ ನೋಂದಣಿ ಇಲ್ಲ, ಆದ್ದರಿಂದ ಸೂಜಿ ಮುಟ್ಟುವ ಹಾಗಿಲ್ಲ ಅಂದರು. ಸರಿಯಾಗೇ ಹೇಳಿದರು. ಮೂರು ವಾರ ನಿನ್ನ ಕೆಲಸ ಏನಾಯಿತು? ಕೊಕ್ಕೆಗೆ ತೂಗುಹಾಕಿದ ತಕ್ಕಡಿಯಲ್ಲಿ ಮಕ್ಕಳ ತೂಕ ನೋಡುವುದು. ಚೀಲದಂಥ ಚಡ್ಡಿಗೆ ಕಾಲು ತೂರಿಸಿ, ಅಳುವ ಮಗುವನ್ನು ನೇತುಹಾಕಿ, ಮುಳ್ಳು ನಿಲ್ಲುವವರೆಗೆ ಕಾಯುವುದು. ಆ ತಾಯಂದಿರು ತರುವ ಸಣ್ಣ ಆರೋಗ್ಯ ಪುಸ್ತಕದಲ್ಲಿ ಸಂಖ್ಯೆ ಬರೆಯುವುದು. ನೀನು ಕಳಿಸಿದ ಫೋಟೋ ನನ್ನ ಹತ್ತಿರ ಇದೆ. ಮಗು ಬಾಯಿ ಬಿಟ್ಟು ಅಳುತ್ತಿದೆ, ಅದರ ಎರಡೂ ಪಾದವನ್ನು ನೀನು ಅಂಗೈಯಲ್ಲಿ ಹಿಡಿದಿದ್ದೀಯ. ತೂಕ ನೋಡುವಾಗ ಪಾದ ಮುಟ್ಟಬಾರದು ಅಲ್ವಾ, ಮುಳ್ಳು ಸರಿಯಾಗಿ ನಿಲ್ಲುವುದಿಲ್ಲ. ಅದು ನಿನಗೂ ಗೊತ್ತು. ಆದರೂ ಹಿಡಿದಿದ್ದೀಯ. ಮೊದಲು ಅಳು ನಿಲ್ಲಲಿ, ಆಮೇಲೆ ತೂಕ ಅಂತ ಹಿಡಿದಿರಬೇಕು. ಅದನ್ನು 'ಏನೂ ಇಲ್ಲ' ಅನ್ನಬೇಡ.

ಆದರೆ ನಿನ್ನ ಮೆಸೇಜಿನಲ್ಲಿ ನನಗೆ ಚುಚ್ಚಿದ್ದು ಅದಲ್ಲ. ನಡುವೆ ಒಂದು ಮಾತು ಹೇಳಿದೆ. ಆಸ್ಪತ್ರೆ ಅಂಗಳದ ಮಕ್ಕಳು ಮತ್ತೆ ಯಾವಾಗ ಬರ್ತೀರಿ ಅಂತ ಕೇಳುತ್ತಿದ್ದಾರೆ, ನಮ್ಮ ತಂಡದವರೆಲ್ಲ 'ಮುಂದಿನ ವರ್ಷ' ಅನ್ನುತ್ತಿದ್ದಾರೆ, ನಾನೂ ಹಾಗೇ ಅಂದೆ ಅಂತ. ಆ ಮಾತು ಕೇಳಿ ರಾತ್ರಿ ನಿದ್ದೆ ಬರಲಿಲ್ಲ ಪುಟ್ಟಿ. ನಮ್ಮಜ್ಜಿ ನೆನಪಾದಳು.

ಅಜ್ಜಿ ಮಿಷನ್ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದಳು ಅಂತ ನಿನಗೆ ಗೊತ್ತು. ಪೂರ್ತಿ ಕತೆ ನಿನಗೆ ಯಾವತ್ತೂ ಹೇಳಿಲ್ಲ. ಅಲ್ಲಿ ಪರದೇಶದಿಂದ ಬಂದ ಒಬ್ಬ ನರ್ಸ್ ಇದ್ದರು. ಎಲ್ಲರೂ ಮಿಸ್ಸಮ್ಮ ಅನ್ನುತ್ತಿದ್ದರು. ಅಜ್ಜಿಯ ವಯಸ್ಸಿನವರೇ. ಅವರಿಗೆ ಕನ್ನಡ ಕಲಿಸಿದ್ದು ಅಜ್ಜಿ. ಅದೂ ಪುಸ್ತಕದ ಕನ್ನಡ ಅಲ್ಲ, 'ಎಲ್ಲಿ ನೋಯ್ತದೆ ಕಣಮ್ಮಿ' ಅನ್ನುವ ನಮ್ಮ ಕನ್ನಡ. ಮುದ್ದೆ ತಿನ್ನುವುದನ್ನು ಕಲಿಸಿದ್ದೂ ಅಜ್ಜಿಯೇ. ಮುರಿ, ಉಂಡೆ ಮಾಡು, ಸೊಪ್ಪಿನ ಸಾರಿನಲ್ಲಿ ಅದ್ದು, ನುಂಗು, ಅಗಿಯಬೇಡ. ಮಿಸ್ಸಮ್ಮ ಮೊದಲ ದಿನ ಅಗಿದು ಅಗಿದು ಹಲ್ಲಿಗೆಲ್ಲ ಮೆತ್ತಿಸಿಕೊಂಡರಂತೆ. ಅಜ್ಜಿ ಇದನ್ನು ನನಗೆ ಹೇಳುವಾಗ ಎಪ್ಪತ್ತು ದಾಟಿತ್ತು. ಆಗಲೂ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ನೀನು ಅಲ್ಲಿ ನ್ಸಿಮಾ ತಿಂದಾಗ ಆಗಿದ್ದೂ ಅದೇ, ಉಲ್ಟಾ. ನಮ್ಮ ಮುದ್ದೆಯ ಹಾಗೆ ನೀನು ಗುಳುಂ ಅಂತ ನುಂಗಿದೆ, ಅಡುಗೆಮನೆ ಅಕ್ಕಂದಿರು ಬಿದ್ದು ಬಿದ್ದು ನಕ್ಕರು ಅಂದೆಯಲ್ಲ. ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ ಅಂತ ಬರೆದಿದ್ದೆ. ನಮ್ಮ ರಾಗಿ ಅವರಿಗೂ ಗೊತ್ತು, ಅದಕ್ಕೆ ಮಾವೆರೆ ಅಂತಾರೆ ಅಂತಲೂ ಬರೆದಿದ್ದೆ. ಅದನ್ನು ಓದಿ ನನಗೆ ಎಷ್ಟು ಖುಷಿ ಆಯಿತು ಗೊತ್ತಾ? ರಾಗಿ ಹುಟ್ಟಿದ್ದೇ ಆಫ್ರಿಕಾದ ಪೂರ್ವದ ಕಡೆ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂತು. ಹಾಸನದ ಹೊಲದಲ್ಲಿ ಬೆಳೆಯುವುದನ್ನು ನಮ್ಮದೇ ಅಂದುಕೊಂಡಿದ್ದೇವೆ. ಅವರು ನಮಗೆ ಕೊಟ್ಟದ್ದನ್ನು ತಿಂದು ಬೆಳೆದವಳು ನೀನು. ಕೊಡಲಿಕ್ಕೆ ಅಂತಲೇ ಹೋಗಿದ್ದೇವೆ ಅನ್ನುವವರಿಗೆ ಇದನ್ನು ಒಂದು ಸಲ ಹೇಳು.

ಮಿಸ್ಸಮ್ಮನ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷ ಇದ್ದು ಅವರು ಊರಿಗೆ ಹೊರಟರು. ಹಾಸನದ ರೈಲ್ವೆ ಸ್ಟೇಷನ್ನಿಗೆ ಅಜ್ಜಿಯೂ ಹೋಗಿದ್ದಳು. ಮಿಸ್ಸಮ್ಮ ಕಿಟಕಿಯಿಂದ ಕೈ ಹಿಡಿದುಕೊಂಡು, "ಹೋಗಿ ಬರ್ತೀನಿ, ಮುಂದಿನ ವರ್ಷ ಮಾವಿನ ಮಿಡಿ ಬಿಡೋ ಹೊತ್ತಿಗೆ ಇಲ್ಲಿರ್ತೀನಿ" ಅಂದರು. ಅವರಿಗೆ ಮಿಡಿ ಉಪ್ಪಿನಕಾಯಿ ಅಂದರೆ ಪ್ರಾಣ.

ನಮ್ಮಲ್ಲಿ ಹೊರಡುವಾಗ ಯಾರೂ 'ಹೋಗ್ತೀನಿ' ಅನ್ನುವುದಿಲ್ಲ. ಸತ್ತವರು ಮಾತ್ರ ಹೋಗುವವರು. ಬದುಕಿದ್ದವರು ಹೋಗಿ ಬರುತ್ತಾರೆ. ಅಜ್ಜಿಗೂ ಅದು ಗೊತ್ತಿರಲಿಲ್ಲವೇ? ನಾನು ಕೇಳಿದ್ದೆ, "ಅದು ಬರೀ ಮಾತಲ್ವಾ ಅಜ್ಜಿ" ಅಂತ. ಅದಕ್ಕೆ ಅಜ್ಜಿ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಹೋಗಿ ಬರ್ತೀನಿ ಅಂದಿದ್ದು ಮಾತು ಕಣವ್ವ. ಮಿಡಿ ಹೊತ್ತಿಗೆ ಅಂದಿದ್ದು ಗಡುವು."

ಆ ಗಡುವನ್ನು ಅಜ್ಜಿ ಮೂರು ವರ್ಷ ಕಾದಳು. ಮೂರು ವರ್ಷವೂ ಒಂದು ಜಾಡಿ ಮಿಡಿ ಬೇರೆ ಹಾಕಿದಳು. ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಅಟ್ಟದ ಮೇಲೆ ಇಟ್ಟಳು. ಮಕ್ಕಳು ಮುಟ್ಟಿದರೆ ಬೆನ್ನಿಗೆ ಬೀಳುತ್ತಿತ್ತು. ಒಂದೇ ಒಂದು ಕಾಗದ ಬಂತು, ಆಸ್ಪತ್ರೆಯವರು ಓದಿ ಹೇಳಿದರು. ಆಮೇಲೆ ಅದೂ ಇಲ್ಲ. ಮಿಸ್ಸಮ್ಮನಿಗೆ ಏನು ಕಷ್ಟ ಬಂತೋ ಏನೋ, ನಾನು ಅವರನ್ನು ದೂರುವುದಿಲ್ಲ. ಅಜ್ಜಿಯೂ ದೂರಲಿಲ್ಲ. ನಾಲ್ಕನೇ ವರ್ಷ ಜಾಡಿ ಹಾಕಲಿಲ್ಲ, ಅಷ್ಟೇ. ಆದರೆ ಆಮೇಲೆ ಎಷ್ಟೋ ಜನ ಮಿಸ್ಸಮ್ಮಂದಿರು ಬಂದರು, ಯಾರಿಗೂ ಅಜ್ಜಿ ಮುದ್ದೆ ನುಂಗಲು ಕಲಿಸಲಿಲ್ಲ.

ಸುವಾರ್ತೆ ಹೊತ್ತು ಹೋಗುವವರು ಇದನ್ನು ತಿಳಿದಿರಬೇಕು. ಬಂದವರನ್ನು ಕಂಡ ಮನೆ ನಮ್ಮದು. ಬಂದವರು ಏನು ಬೋಧಿಸಿದರು ಅಂತ ಅಜ್ಜಿ ನನಗೆ ಯಾವತ್ತೂ ಹೇಳಲಿಲ್ಲ. ಮುದ್ದೆ ಹೇಳಿದಳು, ಜಾಡಿ ಹೇಳಿದಳು.

ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿ ಅಯ್ಯನವರು ಬೈಬಲಿನ ಅಪೊಸ್ತಲ ಪೌಲನ ಬೀಳ್ಕೊಡುಗೆಯ ಬಗ್ಗೆ ಮಾತಾಡುತ್ತಿದ್ದರು. ಎಫೆಸದ ಹಿರಿಯರನ್ನು ಪೌಲ ಮಿಲೇತದ ಸಮುದ್ರ ದಂಡೆಗೆ ಕರೆಸಿಕೊಂಡಿದ್ದು ನೆನಪಿದೆಯಲ್ಲ? ಅವರ ನಡುವೆ ಮೂರು ವರ್ಷ ಇದ್ದವನು. ನೀವು ಇನ್ನು ನನ್ನ ಮುಖ ಕಾಣುವುದಿಲ್ಲ ಅಂತ ಬಾಯಿಬಿಟ್ಟು ಹೇಳಿದ. ಅವರು ಅವನ ಕೊರಳು ತಬ್ಬಿ ಅತ್ತರು. ಎಷ್ಟು ಸಲ ಕೇಳಿದ್ದೆ ಈ ಭಾಗವನ್ನು! ಈ ಸಲ ಮಾತ್ರ ಅನಿಸಿತು, ಪೌಲ 'ನೋಡೋಣ, ಬರ್ತೀನಿ' ಅಂದುಬಿಡಬಹುದಿತ್ತು. ಅಲ್ಲಿ ಅಳು ಇರುತ್ತಿರಲಿಲ್ಲ. ಅವನು ಅಳಿಸಿದ, ಆದರೆ ಕಾಯಿಸಲಿಲ್ಲ.

ನೀನೇ ಒಮ್ಮೆ ಬರೆದಿದ್ದೆ, ಅಲ್ಲಿಯವರ ಚಿಚೆವಾ ಭಾಷೆಯಲ್ಲಿ ಬೀಳ್ಕೊಡುವ ಮಾತು ಎರಡಿದೆ ಅಂತ. ಹೊರಡುವವರು 'ತ್ಸಲಾನಿ ಬ್ವಿನೋ' ಅನ್ನಬೇಕು, ಚೆನ್ನಾಗಿರಿ ಅಂತ. ಉಳಿಯುವವರು 'ಪಿತಾನಿ ಬ್ವಿನೋ' ಅನ್ನುತ್ತಾರೆ, ಚೆನ್ನಾಗಿ ಹೋಗಿ ಅಂತ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು, ನಮ್ಮ 'ಹೋಗಿ ಬರ್ತೀನಿ'ಗಿಂತ ಒಳ್ಳೆಯ ಮಾತು ಇಲ್ಲ ಅಂದುಕೊಂಡಿದ್ದೆ. ನಿನ್ನ ಈ ಗಳಿಗೆಗೆ ಅವರ ಮಾತೇ ಸರಿ. ಅದರಲ್ಲಿ ಪ್ರೀತಿ ಪೂರ್ತಿ ಇದೆ, ಗಡುವು ಇಲ್ಲ. ಆ ಮಕ್ಕಳ ಹತ್ತಿರ ಹೋಗಿ, ಮುಂದಿನ ವರ್ಷ ಅಂದಿದ್ದೆ, ಅದು ನನ್ನ ಕೈಯಲ್ಲಿಲ್ಲ, ತಪ್ಪಾಯ್ತು ಅಂತ ಹೇಳು. ಹೇಳುವಾಗ ಕಷ್ಟ ಆಗುತ್ತೆ. ಆದರೂ ಹೇಳು.

ಅವರ ಭಾಷೆಯ ಪದಗಳನ್ನು ನೀನು ಬರೆದುಕೊಂಡ ಆ ನಲವತ್ತು ಪದದ ನೋಟ್‌ಬುಕ್ ಜೋಪಾನ. ನೀನು ಬ್ಲಾಂಟೈರ್‌ನಲ್ಲಿ ನೋಡಿದ ಕೆಂಪು ಇಟ್ಟಿಗೆಯ ಚರ್ಚನ್ನು ಕಟ್ಟಿಸಿದ ಸ್ಕಾಟ್ ಅನ್ನುವ ಪಾದ್ರಿ ಚಿಚೆವಾದ್ದೇ ಒಂದು ಬಗೆಯಾದ ಮಂಗಾಂಜ ಭಾಷೆಗೆ ನಿಘಂಟು ಮಾಡಿದರಂತೆ, 1892ರಲ್ಲಿ. ನಮ್ಮ ಕಿಟೆಲ್ ನಿಘಂಟು ಅಚ್ಚಾದದ್ದು 1894ರಲ್ಲಿ. ಎರಡೇ ವರ್ಷದ ಅಂತರ! ಒಬ್ಬರು ಸ್ಕಾಟ್ಲೆಂಡಿನವರು, ಒಬ್ಬರು ಜರ್ಮನಿಯವರು. ಇಬ್ಬರೂ ಹೇಳುವುದಕ್ಕೆ ಬಂದು, ವರ್ಷಗಟ್ಟಲೆ ಕೂತು ಕೇಳಿದವರು. ಬಂದ ಜನರಲ್ಲಿ ನನಗೆ ಇಷ್ಟ ಆಗುವುದು ಇಂಥವರು.

ಏನೂ ಮಾಡಲಿಲ್ಲ ಅಂತ ಕೊರಗುವವರಲ್ಲಿ ನೀನು ಮೊದಲಿನವಳೂ ಅಲ್ಲ. ಅಬ್ಬೆ ದುಬುವಾ ಅಂತ ಫ್ರಾನ್ಸಿನ ಪಾದ್ರಿ ಇದೇ ನಮ್ಮ ಮೈಸೂರು ಸೀಮೆಯಲ್ಲಿ ಇದ್ದರು. ಹಾಸನದ ಹತ್ತಿರ ರೈತರಿಗೆ ನೆಲೆ ಮಾಡಿಕೊಟ್ಟವರು, ಸಿಡುಬಿಗೆ ಲಸಿಕೆ ಹಾಕಿಸಲು ದುಡಿದವರು. ಇಂಡಿಯಾದಲ್ಲಿ ಒಟ್ಟು 31 ವರ್ಷ ಇದ್ದು, 1823ರಲ್ಲಿ ವಾಪಸ್ ಹೋದರು, ಮತ್ತೆ ಬರಲಿಲ್ಲ. ಇಲ್ಲಿ ನಮ್ಮ ಕೆಲಸ ಫಲ ಕೊಡಲಿಲ್ಲ ಅಂತಲೇ ಬರೆದರು. ಅವರದು 31 ವರ್ಷ, ನಿನ್ನದು ಮೂರು ವಾರ. ಲೆಕ್ಕ ಹಾಕುವ ಕೆಲಸ ನಮ್ಮದಲ್ಲ ಬಿಡು.

ಇನ್ನೊಂದು. ಆಸ್ಪತ್ರೆಯ ಗೋಡೆಗೆ ಬಣ್ಣ ಹೊಡೆದಿದ್ದೀರಿ, ಅದರ ಮೇಲೆ ನಮ್ಮ ಸಭೆಯ ಹೆಸರು ಬರೆಸುವ ಮಾತು ನಡೆದಿದೆ ಅಂದೆ. ಆದಷ್ಟು ತಡೆ. ಶೆಟ್ಟಿಹಳ್ಳಿಗೆ ನಿನ್ನನ್ನು ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೆ! 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು. ಗೊರೂರು ಅಣೆಕಟ್ಟು ಬಂದ ಮೇಲೆ ಊರವರು ಬೇರೆ ಕಡೆ ಹೋದರು, ಈಗ ಮಳೆಗಾಲ ಬಂದರೆ ಹೇಮಾವತಿ ನೀರು ಗೋಡೆ ಮುಟ್ಟುತ್ತದೆ. ಅಲ್ಲಿ ನಿಂತು ಯಾರಾದರೂ ಕಟ್ಟಿಸಿದವರ ಹೆಸರು ಹುಡುಕಿದ್ದನ್ನು ಕಂಡಿದ್ದೀಯಾ? ಆ ಗೋಡೆ ಅವರ ಆಸ್ಪತ್ರೆಯದು. ಬರೆಯಲೇಬೇಕಾದರೆ ಅವರ ಭಾಷೆಯಲ್ಲಿ ಅವರಿಗೆ ಬೇಕಾದ್ದನ್ನು ಬರೆಯಲಿ.

ದುಡ್ಡಿನ ಮಾತೂ ಬರುತ್ತದೆ, ನೀನು ವಾಪಸ್ ಬಂದ ಮೇಲೆ. ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಎರಡು ಸಾವಿರ ಕೊಟ್ಟವರಿದ್ದಾರೆ, ಆ ದುಡ್ಡು ನಿಮ್ಮ ಟಿಕೆಟ್‌ಗೆ ಸೇರಿದೆ. ಅದೇ ದುಡ್ಡಲ್ಲಿ ಆಲೂರು ಕಡೆ ಹತ್ತು ಆರೋಗ್ಯ ಕ್ಯಾಂಪ್ ಮಾಡಬಹುದಿತ್ತು ಅಂತ ಸಭೆಯಲ್ಲೇ ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಕೋಪ ಮಾಡಿಕೊಳ್ಳಬೇಡ. ಫೋಟೋ ತೋರಿಸಿ ಬಾಯಿ ಮುಚ್ಚಿಸಲೂ ಬೇಡ. ಪ್ರವಾಹದಲ್ಲಿ ಮನೆ ಕಳೆದುಕೊಂಡ ಆ ಅಕ್ಕನ ವಿಷಯ ಹೇಳು, ಸಾಕು. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತಕ್ಕೆ ಮನೆ ಕೊಚ್ಚಿಹೋಯಿತು, ಈಗ ಮಗಳ ಬಾಣಂತನಕ್ಕೆ ಬಂದು ಆಸ್ಪತ್ರೆಯ ಹೊರಗಿನ ಶೆಡ್ಡಿನಲ್ಲಿ ಒಲೆ ಹೂಡಿ ಅಡುಗೆ ಮಾಡುತ್ತಾರೆ ಅಂದೆಯಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಜಾರಿದಾಗ ನಿನ್ನ ಅತ್ತೆ ಕಾಳಜಿ ಕೇಂದ್ರದ ಮೂಲೆಯಲ್ಲಿ ಹೀಗೇ ಕೂತಿದ್ದರು. ನೀನು ಅತ್ತೆಯ ಪಕ್ಕ ಕೂತಿದ್ದೆ, ಒಂದು ಮಾತೂ ಆಡಿರಲಿಲ್ಲ. ಆ ಅಕ್ಕನ ಪಕ್ಕವೂ ಸುಮ್ನೆ ಕೂತಿದ್ದೆ ಅಂದೆ. ಅವರು ಮೈಗೆ ಸುತ್ತಿಕೊಳ್ಳುವ ತಮ್ಮ ಚಿಟೆಂಜೆ ಬಟ್ಟೆ ಬಿಚ್ಚಿ ಚಳಿಗೆ ನಿನ್ನ ಹೆಗಲಿಗೆ ಹೊದಿಸಿದರು ಅಂದೆ. ಮನೆ ಇಲ್ಲದವರು ಹೊದಿಸಿದರು ಪುಟ್ಟಿ. ಇದನ್ನು ಬರೆಯುವಾಗ ಕಣ್ಣು ಮಂಜಾಗುತ್ತಿದೆ.

ಆ ಬಟ್ಟೆಯನ್ನು ವಾಪಸ್ ಕೊಟ್ಟೆಯಾ, ಇಲ್ಲ ಅವರೇ ಇಟ್ಟುಕೋ ಅಂದರಾ? ಇಟ್ಟುಕೋ ಅಂದರೆ ಬೇಡ ಅನ್ನಬೇಡ, ತೆಗೆದುಕೋ. ಅದಕ್ಕೆ ದುಡ್ಡು ಕೊಡಲು ಹೋಗಬೇಡ.

ಬೆಂಗಳೂರಲ್ಲಿ ಇಳಿದ ಮೇಲೆ ಯಶವಂತಪುರದಿಂದ ರೈಲಿಗೇ ಬಾ, ಮಳೆ ಜೋರಿದೆ, ರಸ್ತೆಯಲ್ಲಿ ಲಾರಿಗಳ ಸಾಲು ಜಾಸ್ತಿ. ಸ್ಟೇಷನ್ನಿಗೆ ಅಪ್ಪ ಬರುತ್ತಾರೆ. ನಾನೂ ಬರುತ್ತೇನೆ.

ನೀನು ಒಯ್ದ ಮಿಡಿ ಉಪ್ಪಿನಕಾಯಿ ಬಾಟಲಿಯಲ್ಲಿ ಇನ್ನೂ ಅರ್ಧ ಇದೆ ಅಂದಿದ್ದೆ. ವಾಪಸ್ ತರಬೇಡ. ಅಡುಗೆಮನೆಯ ಅಕ್ಕಂದಿರಿಗೆ ಕೊಟ್ಟು ಬಾ. ಖಾರ ಜಾಸ್ತಿ ಅಂತ ಮೊದಲೇ ಹೇಳು, ನ್ಸಿಮಾ ಜೊತೆ ಸ್ವಲ್ಪವೇ ಹಚ್ಚಿಕೊಳ್ಳಲಿ.

ದೇವರು ಜೊತೆಗಿರಲಿ.

ನಿನ್ನ
ಅಮ್ಮ