ಟೆಂಡರಿನಲ್ಲಿ ಆರ್ಗಾನ್ ಲೆಕ್ಕ ಯಾಕಿಲ್ಲ, ಸಾಹೇಬರೆ?

ಮಹಾರಾಷ್ಟ್ರದ ಮಾನ್ಯ ನೀರು ಪೂರೈಕೆ ಸಚಿವರಿಗೆ ನಮಸ್ಕಾರಗಳು.

ಇದರ ಮರಾಠಿ ಪ್ರತಿ ನಿಮ್ಮ ಕಚೇರಿಗೆ ತಲುಪಿರಬೇಕು. ಕನ್ನಡದಲ್ಲೂ ಬರೆಯುತ್ತಿರುವುದಕ್ಕೆ ಕಾರಣವಿದೆ. ಪುಣೆಯ ಮುಳಾ-ಮುಠಾ ಭೀಮೆಯನ್ನು ಸೇರಿ, ಉಜನಿ ಅಣೆಕಟ್ಟು ದಾಟಿ, ನಮ್ಮ ಇಂಡಿ, ಅಫಜಲಪುರದ ಕಡೆಗೆ ಹರಿಯುತ್ತದೆ. ನನ್ನ ತವರು ಆ ದಂಡೆಯಲ್ಲೇ ಇದೆ.

ಪುಣೆ ಬಳಿಯ ಭೋಸರಿಯ ಖಾಸಗಿ ಲ್ಯಾಬೊಂದರಲ್ಲಿ ನಾನು ಐಸಿಪಿ ಯಂತ್ರ ನಡೆಸುತ್ತೇನೆ. ನೀರಿನಲ್ಲಿ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ ಎಷ್ಟಿದೆ ಎಂದು ಹೇಳುವ ಯಂತ್ರ ಅದು. ಆರ್ಗಾನ್ ಎಂಬ ಅನಿಲವನ್ನು ವಿಪರೀತ ಕಾಯಿಸಿ, ಉರಿಯಂತೆ ಹೊಳೆಯುವ ಪ್ಲಾಸ್ಮಾ ಮಾಡಿಕೊಂಡೇ ಅದು ಅಳೆಯುತ್ತದೆ. ಹೋದ ಬೇಸಿಗೆಯಲ್ಲಿ ಒಂದು ಸರ್ಕಾರಿ ಲ್ಯಾಬಿಗೆ ಹೋಗಿದ್ದೆ. ಅಲ್ಲೂ ಅಂಥದೇ ಯಂತ್ರ, ಹೊಸದು, ಮೇಲೆ ಪ್ಲಾಸ್ಟಿಕ್ ಹೊದಿಕೆ. "ಗ್ಯಾಸ್ ಇಲ್ಲ ಮೇಡಂ" ಅಂದ ಅಲ್ಲಿಯ ಹುಡುಗ. ವರ್ಷಕ್ಕೆಂದು ಕೊಟ್ಟ ದುಡ್ಡು ಎಂಟೇ ತಿಂಗಳಿಗೆ ತೀರಿತ್ತಂತೆ. ಆಸಿಡ್ ಹಾಕಿಟ್ಟ ಸ್ಯಾಂಪಲ್ ಬಾಟಲಿಗಳು ಸಾಲಾಗಿ ಕೂತಿದ್ದವು.

ಹುಡುಗನ ತಪ್ಪೇನಿಲ್ಲ. ಈ ಯಂತ್ರದ ಹೊಟ್ಟೆಯೇ ದೊಡ್ಡದು. ಸಾಮಾನ್ಯವಾಗಿ ನಿಮಿಷಕ್ಕೆ 15 ಲೀಟರಿನಷ್ಟು ಆರ್ಗಾನ್ ಕುಡಿಯುತ್ತದೆ. 7 ಘನ ಮೀಟರಿನ ಸಿಲಿಂಡರ್ ಎಂಟು ತಾಸೂ ಬಾಳುವುದಿಲ್ಲ. ತಮಾಷೆಯೆಂದರೆ, ನೀರಿನ ಹನಿಗಳನ್ನು ಪ್ಲಾಸ್ಮಾಕ್ಕೆ ಒಯ್ಯಲು ಬೇಕಾದ ಅನಿಲ ನಿಮಿಷಕ್ಕೆ ಒಂದು ಲೀಟರಿನ ಆಸುಪಾಸು ಮಾತ್ರ. ಉಳಿದದ್ದರಲ್ಲಿ ಹೆಚ್ಚಿನದು ಹೊರಸುತ್ತಿನಲ್ಲಿ ತಿರುಗುತ್ತ, ಸಾವಿರಾರು ಡಿಗ್ರಿ ಕಾವಿನ ಪ್ಲಾಸ್ಮಾ ತಗಲಿ ಅದನ್ನು ಸುತ್ತುವರಿದ ಗಾಜಿನಂಥ ಕ್ವಾರ್ಟ್ಜ್ ನಳಿಗೆ, ಅಂದರೆ ಟಾರ್ಚ್, ಕರಗದಂತೆ ಕಾಯುತ್ತದೆ. ಹಾಗೆಂದು ನಾಬ್ ತಿರುಗಿಸಿ ಹರಿವು ಇಳಿಸಿದರೆ ಟಾರ್ಚೇ ಹೋಗುತ್ತದೆ. ಉಳಿತಾಯ ಯಂತ್ರದ ರಚನೆಯಲ್ಲೇ ಇರಬೇಕು. ಹತ್ತು ಲೀಟರಿಗೂ ಕಡಿಮೆಯಲ್ಲಿ ನಡೆಯುವ, ಕೆಲಸವಿಲ್ಲದಾಗ ತಾನೇ ಹರಿವು ತಗ್ಗಿಸಿಕೊಳ್ಳುವ ಮಾದರಿಗಳು ಮಾರುಕಟ್ಟೆಯಲ್ಲಿವೆ. ಗಾಳಿಯಿಂದಲೇ ನೈಟ್ರೋಜನ್ ತೆಗೆದು ಮೈಕ್ರೋವೇವ್ ಪ್ಲಾಸ್ಮಾ ನಡೆಸುವ ಯಂತ್ರ 2011ರಲ್ಲೇ ಬಂತು. ಸೋಡಿಯಂ, ಕ್ಯಾಲ್ಸಿಯಂಗೆ ಅದು ಧಾರಾಳ ಸಾಕು. ಆದರೆ ಕುಡಿಯುವ ನೀರಿನಲ್ಲಿ ಕ್ಯಾಡ್ಮಿಯಂ ಮಿತಿ ಲೀಟರಿಗೆ 0.003 ಮಿಲಿಗ್ರಾಂ. ಅಷ್ಟು ಸೂಕ್ಷ್ಮ ಅಳತೆಗೆ ನಾನು ಆರ್ಗಾನನ್ನೇ ನಂಬುವವಳು.

ಇಂಥ ಯಂತ್ರ ಕೊಳ್ಳುವ ಟೆಂಡರಿನಲ್ಲಿ ಮಾತ್ರ ಹೆಚ್ಚಾಗಿ ಯಂತ್ರದ ಬೆಲೆಯೊಂದೇ ಗೆಲ್ಲುತ್ತದೆ. ಎಮ್ಮೆ ಕೊಳ್ಳುವ ನಮ್ಮೂರ ರೈತ ಅದು ಎಷ್ಟು ಮೇವು ತಿನ್ನುತ್ತದೆಂದು ಮೊದಲು ಕೇಳುತ್ತಾನೆ. ನಿಮ್ಮ ಅಧಿಕಾರಿಗಳೂ ಅಷ್ಟು ಕೇಳಲಿ: ನಿಮಿಷಕ್ಕೆ ಎಷ್ಟು ಲೀಟರ್, ಖಾಲಿ ನಿಂತಾಗ ಎಷ್ಟು. ಹತ್ತು ವರ್ಷದ ಗ್ಯಾಸ್ ಖರ್ಚನ್ನು ಬೆಲೆಗೆ ಕೂಡಿಸಿ ಹೋಲಿಸಲಿ.

ಇರುವ ಯಂತ್ರಗಳಿಗೂ ದಾರಿಯಿದೆ. 2021ರ ಕೊರೊನಾ ಎರಡನೇ ಅಲೆಯಲ್ಲಿ ಆರ್ಗಾನ್ ಟ್ಯಾಂಕರ್‌ಗಳನ್ನು ಆಮ್ಲಜನಕ ಸಾಗಿಸಲು ಬದಲಿಸಿದರು. ಬದಲಿಸಲೇಬೇಕಿತ್ತು ಬಿಡಿ. ಆಗ ನಾವು ಸ್ಯಾಂಪಲ್ ಕೂಡಿಹಾಕಿ ವಾರಕ್ಕೊಮ್ಮೆ ಪ್ಲಾಸ್ಮಾ ಹೊತ್ತಿಸತೊಡಗಿದೆವು. ಒಂದೊಂದು ಸಲ ಹೊತ್ತಿಸಿದಾಗಲೂ ಯಂತ್ರ ಕಾದು ಸ್ಥಿರವಾಗಲು ಅರ್ಧ ತಾಸು ಬೇಕು, ಅಷ್ಟರಲ್ಲೇ 450 ಲೀಟರ್ ಹೋಗುತ್ತದೆ. ಐದು ದಿನದ ಆ ಖರ್ಚು ಒಂದೇ ದಿನಕ್ಕೆ ಇಳಿಯಿತು. ಆ ಅಭ್ಯಾಸ ಇಂದಿಗೂ ಬಿಟ್ಟಿಲ್ಲ. ತುರ್ತು ದೂರು ಬಂದ ದಿನ ಮಾತ್ರ ಲೆಕ್ಕ ನೋಡುವುದಿಲ್ಲ.

ನಿಮ್ಮ ಲ್ಯಾಬಿನ ಹುಡುಗರನ್ನು ಒಂದು ವಾರ ನಮ್ಮಲ್ಲಿಗೆ ಕಳಿಸಿಕೊಡಿ. ಕಲಿಸಿಕೊಡುತ್ತೇನೆ, ಶುಲ್ಕವೇನೂ ಬೇಡ. ಆದರೆ ಆ ಬಾಟಲಿಗಳಿಗೆ ಮೊದಲು ಎರಡು ಸಿಲಿಂಡರ್ ಕೊಡಿಸಿ.

ಇತಿ,
ಭೋಸರಿಯ ಒಬ್ಬ ಕನ್ನಡತಿ ಕೆಮಿಸ್ಟ್