ಫೋಟೋ ಡಿಲೀಟ್ ಮಾಡಿ, ಡಬ್ಬಿ ವಾಪಸ್ ಕಳಿಸಿ

ಗೆ,
ಮ್ಯಾನೇಜರ್ ಅವರು,
ವೈನ್ ಟೇಸ್ಟಿಂಗ್ ವಿಭಾಗ

ವಿಷಯ: 2025ರ ಜುಲೈ 13, ರವಿವಾರ, ಸಂಜೆ 4ರ ಬ್ಯಾಚ್, ನಾಲ್ಕು ಜನ. ಬುಕಿಂಗ್ ನಂಬರ್ ನಿಮ್ಮ ಹತ್ತಿರ ಇದೆ, ಆರು ಸಲ ಹೇಳಿದ್ದೇನೆ.

ನಮಸ್ಕಾರ ಸರ್,

ಈ ಪತ್ರ ಬರೆಯುವ ವಿಚಾರ ನನಗಿರಲಿಲ್ಲ. ಆರು ಸಲ ಫೋನ್ ಮಾಡಿದೆ. ಆರೂ ಸಲ ಬೇರೆ ಬೇರೆ ಹುಡುಗಿಯರು ಒಂದೇ ದನಿಯಲ್ಲಿ "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಮೇಡಂ" ಅಂದರು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಅಷ್ಟು ಅಮೂಲ್ಯವಾದದ್ದನ್ನು ನೀವು ಲಾಕರ್‌ನಲ್ಲಿ ಇಟ್ಟು ಕೀಲಿ ಕಳೆದುಕೊಂಡಿರಬೇಕು ಅಂದುಕೊಂಡೆ. ಹೋಗಲಿ ಬಿಡು ಅಂತ ನಮ್ಮ ಮನೆಯವರು ಹೇಳಿದರು, ನಾನೂ ಬಿಟ್ಟಿದ್ದೆ.

ಆದರೆ ಮೊನ್ನೆ ರಾತ್ರಿ ಅಕ್ಕ ತಿಕೋಟಾ ಕಡೆಯಿಂದ ಫೋನ್ ಮಾಡಿ ಅತ್ತಳು. ನಿಮ್ಮ ಇನ್‌ಸ್ಟಾಗ್ರಾಂ ಪೇಜಿನಲ್ಲಿ ನಮ್ಮ ಭಾವನವರ ಫೋಟೋ ಹಾಕಿದ್ದೀರಿ. ತಲೆ ಮೇಲೆ ಬಿಳಿ ಟೋಪಿ, ಕೈಯಲ್ಲಿ ಉದ್ದ ಕಾಲಿನ ಗ್ಲಾಸು, ಕೆಳಗೆ "ಅಂಕಲ್ ಅವರ ಮೊದಲ ಗುಟುಕು!" ಅಂತ ಬರಹ, ಪಕ್ಕದಲ್ಲಿ ನಗುವ ಮುಖ ಎರಡು. ಅದು ಈಗ ಅವರ ಊರಿನ ಹುಡುಗರ ಮೊಬೈಲಿನಲ್ಲೆಲ್ಲ ಓಡಾಡುತ್ತಿದೆ. ಭಾವ ಜೀವಮಾನದಲ್ಲಿ ಕುಡಿದವರಲ್ಲ. ಆ ಗ್ಲಾಸಿನಲ್ಲಿ ಏನಿತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬಿಲ್ಲಿನಲ್ಲೂ ಇದೆ.

ಫೋನಿನಲ್ಲಿ ನಿಮ್ಮವರು ಯಾರೂ ಪೂರ್ತಿ ಕೇಳಲಿಲ್ಲ. ಅದಕ್ಕೆ ಇಲ್ಲಿ ಪೂರ್ತಿ ಬರೆಯುತ್ತೇನೆ.

ಅಕ್ಕ ಭಾವನವರ ಮದುವೆಯಾಗಿ 30 ವರ್ಷ ಆಯ್ತು ಅಂತ ನಾನು ಬುಕ್ ಮಾಡಿದ್ದು. ಒಬ್ಬರಿಗೆ ₹2,400ರ ದೊಡ್ಡ ಪ್ಯಾಕೇಜು, ನಾಲ್ಕು ಜನಕ್ಕೆ ₹9,600, ಎಲ್ಲಾ ಮುಂಗಡ. ಅದರಲ್ಲಿ ಏನೇನು ಇರಬೇಕು ಅಂತ ನಾನು ಹೇಳಬೇಕಾಗಿಲ್ಲ, ನಿಮ್ಮದೇ ಜಾಹೀರಾತು. ಐದು ವೈನು, ದ್ರಾಕ್ಷಿ ಕೊಯ್ಯುವುದು, ತೊಟ್ಟಿಯಲ್ಲಿ ತುಳಿಯುವುದು, ಹಳ್ಳಿ ಊಟ, ಲೈವ್ ಹಿಂದೂಸ್ತಾನಿ ಸಂಗೀತ. ಭಾವ 25 ವರ್ಷದಿಂದ ದ್ರಾಕ್ಷಿ ಬೆಳೆಯುವವರು. ನಾಲ್ಕು ಎಕರೆ ಥಾಮ್ಸನ್ ಸೀಡ್‌ಲೆಸ್, ಹೆಚ್ಚಿನದೆಲ್ಲ ಒಣದ್ರಾಕ್ಷಿಗೆ ಹೋಗುತ್ತದೆ. ನಡುವೆ ಐದಾರು ವರ್ಷ ಒಂದು ಎಕರೆಯಲ್ಲಿ ವೈನ್ ದ್ರಾಕ್ಷಿಯನ್ನೂ ಹಾಕಿ ಕಂಪನಿಗೆ ಕೊಟ್ಟಿದ್ದರು. ಬೆಳೆದದ್ದು ಕೊನೆಗೆ ಏನಾಗುತ್ತದೆ ಅಂತ ಒಂದು ಸಲವೂ ನೋಡಿಲ್ಲ ನೋಡವ್ವಾ, ಅನ್ನುತ್ತಿದ್ದರು. ಅಷ್ಟೇ ಕಾರಣ.

ಬುಕ್ ಮಾಡಿದ್ದು ಕೇಳಿ ಅವರು ಮೊದಲು ನಕ್ಕರು. "ಈಗ ಎಲ್ಲಿ ದ್ರಾಕ್ಷಿ ಬೇ?" ಅಂದರು. ನಮ್ಮ ಕಡೆ ಬಳ್ಳಿ ಕತ್ತರಿಸುವುದಕ್ಕೆ ಚಾಟ್ನಿ ಅನ್ನುತ್ತಾರೆ. ಎಪ್ರಿಲ್‌ನಲ್ಲಿ ಒಂದು ಚಾಟ್ನಿ, ಅಕ್ಟೋಬರ್‌ನಲ್ಲಿ ಒಂದು ಚಾಟ್ನಿ. ಹಣ್ಣು ಬರುವುದು ಅಕ್ಟೋಬರ್ ಚಾಟ್ನಿ ಆದಮೇಲೆ, ಕೊಯ್ಲು ಜನವರಿಯಿಂದ ಮಾರ್ಚ್, ಎಪ್ರಿಲ್ ತನಕ. ಜುಲೈನಲ್ಲಿ ಬಳ್ಳಿಯಲ್ಲಿ ಎಲೆ ಮತ್ತು ಕಡ್ಡಿ ಬಿಟ್ಟರೆ ಇನ್ನೇನೂ ಇರುವುದಿಲ್ಲ. ನಾನು ನಿಮ್ಮ ಆಫೀಸಿಗೆ ಫೋನ್ ಮಾಡಿ ಕೇಳಿದೆ. "ವರ್ಷ ಪೂರ್ತಿ ಇರುತ್ತೆ ಮೇಡಂ" ಅಂದರು. ದೊಡ್ಡ ಕಂಪನಿ, ಏನೋ ವ್ಯವಸ್ಥೆ ಇರುತ್ತೆ ಅಂತ ನಾನೂ ನಂಬಿದೆ. 25 ವರ್ಷ ಬೆಳೆದವರ ಮಾತು ಬಿಟ್ಟು ಫೋನ್ ಎತ್ತಿದ ಹುಡುಗಿಯ ಮಾತು ಕೇಳಿದ ತಪ್ಪು ನನ್ನದು, ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ.

ನವಲಗುಂದ, ನರಗುಂದ ದಾಟಿ, ಹೈವೇ ಬಿಟ್ಟು, ಎರೆ ಮಣ್ಣಿನ ಕೆಸರಿನಲ್ಲಿ ಐದು ಕಿಲೋಮೀಟರ್ ಕಾರು ಜಾರಿಸಿಕೊಂಡು ಬಂದೆವು. ತೋಟದಲ್ಲಿ ಒಂದು ಗೊಂಚಲೂ ಇರಲಿಲ್ಲ. ತುಳಿಯುವ ತೊಟ್ಟಿಯಲ್ಲಿ ಮಳೆ ನೀರು ನಿಂತಿತ್ತು. "ಸೀಸನ್ ಅಲ್ಲ ಸರ್" ಅಂತ ನಿಮ್ಮ ಹುಡುಗ ಭಾವನವರಿಗೆ ತಿಳಿಸಿ ಹೇಳಿದ. ಭಾವನವರಿಗೆ!

ಗೇಟಿನಲ್ಲಿ ಅಕ್ಕನ ಡಬ್ಬಿ ತೆಗೆಸಿಕೊಂಡರು. ಅವಳಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು ಅಂತ ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಟ್ಟಿದ್ದೆ. ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಸರಿ. ವೈದ್ಯಕೀಯ ಕಾರಣ ಇದ್ದರೆ ಬಿಡುತ್ತೇವೆ ಅಂತ ನಿಮ್ಮ ನಿಯಮದಲ್ಲೇ ಇದೆಯಲ್ವಾ, ನೀವೇ ಬರೆದದ್ದು, ನಿಮಗೆ ಗೊತ್ತಿರಬೇಕು. ಗೇಟಿನವನಿಗೆ ಗೊತ್ತಿರಲಿಲ್ಲ. ಹೋಗುವಾಗ ಕೊಡುತ್ತೇನೆ ಅಂದ. ಹೋಗುವಾಗ ಡ್ಯೂಟಿ ಬದಲಾಗಿತ್ತು, ಡಬ್ಬಿ ಇರಲಿಲ್ಲ.

ಈಗ ಟೇಬಲ್ಲಿನ ಮಾತಿಗೆ ಬರುತ್ತೇನೆ.

ನಿಮ್ಮ ಹುಡುಗನ ಅಂಗಿ ಮೇಲೆ "ವೈನ್ ಎಕ್ಸ್‌ಪರ್ಟ್" ಅಂತ ಬಿಲ್ಲೆ ಇತ್ತು. 23, 24 ವಯಸ್ಸಿರಬಹುದು. ಶುರುವಿನಿಂದ ಇಂಗ್ಲಿಷ್. ಕನ್ನಡದಲ್ಲಿ ಹೇಳಪ್ಪಾ ಅಂದರೆ "ಇದರಲ್ಲಿ ಕನ್ನಡ ವರ್ಡ್ಸ್ ಇಲ್ಲ ಮೇಡಂ" ಅಂದ. ಸರಿ, ಇರಲಿ. ಮೊದಲು ಬಿಳಿ ವೈನು ತಂದ. ಬಾಟಲಿ ನಮ್ಮ ಮುಂದೆ ತೆಗೆಯಲಿಲ್ಲ, ಅರ್ಧ ಖಾಲಿಯಾದದ್ದೇ ಬಂತು. ಬಿಳಿ ವೈನು 8ರಿಂದ 12 ಡಿಗ್ರಿ ತಣ್ಣಗಿರಬೇಕು ಅಂತ ನೀವೇ ಟೇಬಲ್ ಮೇಲೆ ಇಟ್ಟ ಹಾಳೆಯಲ್ಲಿ ಬರೆದಿತ್ತು. ಬಾಟಲಿ ಮುಟ್ಟಿದರೆ ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟಿನ ಹಾಗಿತ್ತು.

ಗ್ಲಾಸು ತಿರುಗಿಸಿ, ಮೂಸಿ ನೋಡಿ ಅಂದ. ಎಲ್ಲರೂ ಮೂಸಿದೆವು. "ಏನು ವಾಸನೆ ಬರ್ತಿದೆ ಹೇಳಿ, ಪೈನಾಪಲ್? ಪೇರಲೆ?" ಅಂದ. ನಮ್ಮ ಮನೆಯವರು ಪೇರಲೆ ಅಂದುಬಿಟ್ಟರು, ಪಾಪ. ಭಾವ ಏನೂ ಹೇಳಲಿಲ್ಲ. ಇನ್ನೊಂದು ಸಲ ಮೂಸಿದರು. ನಾಲಿಗೆ ತುದಿಗೆ ಒಂದು ಹನಿ ಮುಟ್ಟಿಸಿ ಗ್ಲಾಸು ಕೆಳಗಿಟ್ಟರು. ಆಮೇಲೆ ಬಹಳ ಮೆತ್ತಗೆ, ನಮಗಷ್ಟೇ ಕೇಳುವ ಹಾಗೆ, "ತಮ್ಮಾ, ಇದು ಹುಳಿ ಹತ್ತೇತಿ. ಗಾಳಿ ಹೊಕ್ಕೇತಿ ಇದಕ್ಕ. ಬ್ಯಾರೆ ಬಾಟಲಿ ಇದ್ರ ನೋಡು" ಅಂದರು.

ಅಷ್ಟಕ್ಕೇ ಅವನು ಬಾಟಲಿ ಬದಲಿಸಿದ್ದರೆ ಈ ಪತ್ರ ಇರುತ್ತಿರಲಿಲ್ಲ.

ಅವನು ನಕ್ಕ. "ಅದು ಹುಳಿ ಅಲ್ಲ ಅಂಕಲ್, ಟ್ಯಾನಿನ್" ಅಂದ. ಟ್ಯಾನಿನ್ ಅಂದರೇನಪ್ಪಾ ಅಂತ ಅಕ್ಕ ಕೇಳಿದಳು. ಬಾಯಿ ಒಣಗಿದ ಹಾಗೆ ಆಗುತ್ತಲ್ಲ, ಅದು, ಅಂದ. ಭಾವ ಆಗ ಸ್ವಲ್ಪ ಉತ್ಸಾಹದಿಂದಲೇ, ವಾದಕ್ಕಲ್ಲ, ತಮಗೆ ಗೊತ್ತಿರುವ ವಿಷಯ ಬಂತಲ್ಲ ಅಂತ, "ಹಂಗಾರ ಅದು ಒಗರು. ಒಗರು ಬರೋದು ಸಿಪ್ಪಿ, ಬೀಜದಿಂದ. ಕೆಂಪಿನದಕ್ಕ ಸಿಪ್ಪಿ ಕೂಡೇ ಹುದುಗಿಸ್ತಾರ, ಬಿಳಿದಕ್ಕ ಹಿಂಡಿ ರಸಾ ತಗದು ಸಿಪ್ಪಿ ಬ್ಯಾರೆ ಮಾಡ್ತಾರ. ಇದ್ರಾಗ ಅಷ್ಟು ಒಗರು ಎಲ್ಲಿಂದ ಬರಬೇಕು? ಇದು ಹುಳಿನ" ಅಂದರು.

ಸರ್, ಒಗರು ಬೇರೆ, ಹುಳಿ ಬೇರೆ. ಎಳೆ ಬಾಳೆಕಾಯಿ ಕಚ್ಚಿದವರಿಗೂ ಹುಣಸೆಹಣ್ಣು ಚೀಪಿದವರಿಗೂ ಗೊತ್ತು. ಇದರಲ್ಲಿ ಕನ್ನಡ ವರ್ಡ್ಸ್ ಇಲ್ಲ ಅಂದನಲ್ಲ, ಎರಡೂ ಕನ್ನಡ ಪದ ಟೇಬಲ್ ಮೇಲೆ ಬಂದವು. ಅವನಿಗೆ ಅದೇ ತಡೆದುಕೊಳ್ಳಲು ಆಗಲಿಲ್ಲ ಅಂತ ಕಾಣುತ್ತದೆ.

ಪಕ್ಕದ ಟೇಬಲ್ಲಿನಲ್ಲಿ ಎಂಟು ಹತ್ತು ಜನ ಹುಡುಗ ಹುಡುಗಿಯರ ಗುಂಪಿತ್ತು, ಬರ್ತ್‌ಡೇ. ಅವರ ಕಡೆ ತಿರುಗಿ, ಅವರಿಗೂ ಕೇಳುವ ಹಾಗೆ, "ಅಂಕಲ್‌ಗೆ ಫಸ್ಟ್ ಟೈಮ್. ಅಭ್ಯಾಸ ಇಲ್ಲದವರಿಗೆ ಎಲ್ಲಾನೂ ಹುಳಿ ಅನ್ಸುತ್ತೆ" ಅಂದ. ಅವರು ನಕ್ಕರು. ಒಬ್ಬಳು "ಸೋ ಕ್ಯೂಟ್" ಅಂದಳು. 57 ವರ್ಷದ ಮನುಷ್ಯ ಸರ್. ಆಮೇಲೆ ಇವನು ಚಿಟಿಕೆ ಹೊಡೆದು ಒಬ್ಬ ಸಪ್ಲೈಯರ್ ಹುಡುಗನನ್ನು ಕರೆದು "ಅಂಕಲ್‌ಗೆ ಒಂದು ದ್ರಾಕ್ಷಿ ಜ್ಯೂಸ್ ಕೊಡಪ್ಪಾ, ಅದೇ ಸರಿ ಅವರಿಗೆ" ಅಂದ. ಜ್ಯೂಸ್ ಬಂತು, ವೈನ್ ಗ್ಲಾಸಿನಲ್ಲೇ ಬಂತು. ಅಕ್ಕ ಬೇಡ ಅನ್ನಲು ಹೋದಳು. ಭಾವ "ಇರ್ಲಿ, ತಂದಾನ, ಒಲ್ಲೆ ಅನಬಾರ್ದು" ಅಂತ ಕೈಯಲ್ಲಿ ಹಿಡಿದರು. ಆಗಲೇ ಯಾರೋ ಫೋಟೋ ಹೊಡೆದದ್ದು. ನಮ್ಮನ್ನು ಯಾರೂ ಕೇಳಲಿಲ್ಲ.

ಭಾವ ಅದನ್ನು ಪೂರ್ತಿ ಕುಡಿದರು. ಆಮೇಲೆ ನಾವು ಹೊರಡುವ ತನಕ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ, ಅದೇ ನನಗೆ ಈಗ ಹೊಟ್ಟೆ ಉರಿಯುವುದು. ಮನೆಗೆ ಬಂದು ಮಲಗಿದ ಮೇಲೆ ಏನೇನು ಹೇಳಬಹುದಿತ್ತು ಅಂತ ಒಂದೊಂದೇ ನೆನಪಾಗುತ್ತದಲ್ಲ, ಹಾಗೆ ಈಗ ಬರೆಯುತ್ತಿದ್ದೇನೆ.

ಐದು ವೈನಿನಲ್ಲಿ ಮೂರು ಬಂದವು. ಹಳ್ಳಿ ಊಟ ಅಂದರೆ ಒಂದು ಕಪ್ಪು ಸ್ಲೇಟಿನ ಮೇಲೆ ನಾಲ್ಕು ತುಂಡು ಖಡಕ್ ರೊಟ್ಟಿ, ಬೆರಳು ಇಳಿಯದಷ್ಟು ಸಣ್ಣ ಬಟ್ಟಲಿನಲ್ಲಿ ಶೇಂಗಾ ಚಟ್ನಿ, ನಡುವೆ ಸಾಸಿನ ರಂಗೋಲಿ. ಸ್ಲೇಟಿನ ಮೇಲೆ ನಾವು ಅಕ್ಷರ ಕಲಿತಿದ್ದೆವು, ಉಂಡಿರಲಿಲ್ಲ. ಅಕ್ಕನಿಗೆ ಕೈ ನಡುಗಲು ಶುರುವಾಗಿ ನಾನು ಪರ್ಸಿನಲ್ಲಿದ್ದ ಬಿಸ್ಕೀಟು ಕೊಟ್ಟೆ. ಅದೂ ಹೊರಗಿನ ಊಟವೇ, ದಂಡ ಇದ್ದರೆ ತಿಳಿಸಿ.

ಸಂಗೀತದ ಬಗ್ಗೆ ನಮ್ಮ ಮನೆಯವರು ಬರಿ ಅಂತ ಹೇಳಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ಅವರು ಧಾರವಾಡದವರು, ಮಲ್ಲಿಕಾರ್ಜುನ ಮನ್ಸೂರರ ಹಾಡನ್ನು ಎದುರು ಕೂತು ಕೇಳಿದವರು. ಗಂಗೂಬಾಯಿ ಹಾನಗಲ್ ಇದ್ದ ಊರಿನಿಂದ, ಭೀಮಸೇನ ಜೋಶಿ ಹುಟ್ಟಿದ ಗದಗ ಜಿಲ್ಲೆಯನ್ನು ಹಾದು, ಲೈವ್ ಹಿಂದೂಸ್ತಾನಿ ಅಂದಿದ್ದಕ್ಕೆ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಬಂದಿದ್ದರು. ವೇದಿಕೆ ಮೇಲೆ ಗಾದಿ, ತಬಲಾ, ಒಂದು ತಂಬೂರಿ ಎಲ್ಲಾ ಇತ್ತು. ಹಾಡುವವರು ಇರಲಿಲ್ಲ. ಬರುತ್ತಾರೇನೋ ಅಂತ ಅರ್ಧ ತಾಸು ಕಾದು, ಕೊನೆಗೆ ಇವರು ಎದ್ದು ಹೋಗಿ ತಂಬೂರಿ ನೋಡಿ ಬಂದರು. ಅದಕ್ಕೆ ತಂತಿಯೇ ಇರಲಿಲ್ಲ. ಗಾದಿಯ ಹಿಂದಿನಿಂದ ಬ್ಲೂಟೂತ್ ಸ್ಪೀಕರ್ ಹಾಡುತ್ತಿತ್ತು, ಅದೂ ಆರು ಗಂಟೆಗೆ ನಿಂತು ಬರ್ತ್‌ಡೇ ಗುಂಪಿನ ಡಿಜೆ ಶುರುವಾಯ್ತು.

ಇನ್ನು ಬಿಲ್ಲು. ಮುಂಗಡ ಕೊಟ್ಟ ₹9,600ರ ಮೇಲೆ 10% ಸರ್ವಿಸ್ ಚಾರ್ಜ್ ಅಂತ ₹960. ಹೋಟೆಲು, ರೆಸ್ಟೋರೆಂಟುಗಳು ಇದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟೂ ಅದನ್ನು ಎತ್ತಿಹಿಡಿದಿದೆ. ನಿಮಗೆ ಗೊತ್ತಿಲ್ಲದ್ದೇನಲ್ಲ. ಕೇಳಿದ್ದಕ್ಕೆ "ಸಿಸ್ಟಮ್ ತಾನೇ ಹಾಕುತ್ತೆ ಮೇಡಂ" ಅಂದರು. ನಾನೂ ದಿನಾ ಸಿಸ್ಟಮ್ ಮುಂದೆ ಕೂರುವವಳೇ, ಯಾವ ಸಿಸ್ಟಮ್ಮೂ ಹೇಳದೆ ಏನನ್ನೂ ಹಾಕುವುದಿಲ್ಲ. ಅದರ ಕೆಳಗೆ ಕೊನೆಯ ಸಾಲು: "ದ್ರಾಕ್ಷಿ ಜ್ಯೂಸ್, 1, ₹180". ಭಾವನವರಿಗೆ ಅವಮಾನ ಮಾಡಲು ತರಿಸಿದ ಜ್ಯೂಸಿಗೆ ನಮ್ಮಿಂದಲೇ ದುಡ್ಡು! ಅದೂ ಪ್ಯಾಕೆಟ್ಟಿನದು. ಕೌಂಟರ್ ಹಿಂದಿನ ಬುಟ್ಟಿಯಲ್ಲಿ ಖಾಲಿ ಪ್ಯಾಕೆಟ್ ನೋಡಿದ್ದೇನೆ.

ಏನು ಬೇಕು ನಿಮಗೆ ಅಂತ ಆರನೇ ಸಲ ಫೋನಿನಲ್ಲಿ ಕೇಳಿದಿರಿ. ಮುಂದಿನ ಭೇಟಿಗೆ 10% ರಿಯಾಯಿತಿ ಬೇಡ. ಫೋಟೋ ಇವತ್ತೇ ಡಿಲೀಟ್ ಆಗಬೇಕು. ಅದನ್ನು ಹಾಕಿದ ಜಾಗದಲ್ಲೇ, ಅದು ದ್ರಾಕ್ಷಿ ಜ್ಯೂಸ್ ಆಗಿತ್ತು, ಕೇಳದೆ ಹಾಕಿದ್ದೆವು, ತಪ್ಪಾಯ್ತು ಅಂತ ಕನ್ನಡದಲ್ಲಿ ಬರೆಯಬೇಕು. ಆ ಎಕ್ಸ್‌ಪರ್ಟ್ ಅಲ್ಲ, ನೀವೇ ಭಾವನವರಿಗೆ ಫೋನ್ ಮಾಡಿ ಮಾತಾಡಬೇಕು. ಹುಡುಗನನ್ನು ಕೆಲಸದಿಂದ ತೆಗೆಯಿರಿ ಅಂತ ನಾನು ಹೇಳುವುದಿಲ್ಲ, ಅವನಿಗೆ ಯಾರೂ ಏನೂ ಕಲಿಸಿಲ್ಲ ಅಷ್ಟೇ. ₹960 ಮತ್ತು ₹180 ವಾಪಸ್. ಸಿಗದ ಎರಡು ವೈನು, ಇಲ್ಲದ ದ್ರಾಕ್ಷಿ, ಬಾರದ ಸಂಗೀತಗಾರರು, ಇವುಗಳ ಲೆಕ್ಕ ನೀವೇ ಮಾಡಿ ಕಳಿಸಿ, ನೋಡೋಣ ಎಷ್ಟು ಮಾಡುತ್ತೀರಿ ಅಂತ.

15 ದಿನ ಕಾಯುತ್ತೇನೆ. ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್, ಅದಾದ ಮೇಲೆ ಧಾರವಾಡ ಜಿಲ್ಲಾ ಗ್ರಾಹಕರ ಆಯೋಗ. ನಿಮ್ಮ ತೋಟ ಬೇರೆ ಜಿಲ್ಲೆಯಲ್ಲಿದೆ, ಈಯಮ್ಮ ಎಲ್ಲಿ ಅಲೆಯುತ್ತಾಳೆ ಅಂದುಕೊಳ್ಳಬೇಡಿ. 2019ರ ಕಾಯ್ದೆ ಪ್ರಕಾರ ನಾನು ಇರುವ ಊರಿನಲ್ಲೇ ದೂರು ಕೊಡಬಹುದು. ₹5 ಲಕ್ಷದವರೆಗೆ ಶುಲ್ಕವೂ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ, ಎರಡು ವರ್ಷ ಟೈಮಿದೆ. ಪ್ರತಿ ತಾರೀಖಿಗೂ ನೀವು ಇಲ್ಲಿಗೆ ಬನ್ನಿ. ರಸ್ತೆ ನಿಮಗೆ ಗೊತ್ತಲ್ಲ, ಐದು ಕಿಲೋಮೀಟರ್ ಕೆಸರು ದಾಟಿದರೆ ಹೈವೇ ಸಿಗುತ್ತದೆ.

ಬಿಲ್ಲು, ಬುಕಿಂಗ್ ಮೆಸೇಜು, ಜಾಹೀರಾತಿನ ಸ್ಕ್ರೀನ್‌ಶಾಟು, ತಂತಿ ಇಲ್ಲದ ತಂಬೂರಿಯ ಫೋಟೋ (ಇವರು ತೆಗೆದಿದ್ದಾರೆ) ಎಲ್ಲಾ ನನ್ನ ಹತ್ತಿರ ಇದೆ. ಭಾವನವರ ಪರಿಚಯದಲ್ಲಿ ದ್ರಾಕ್ಷಿ ಬೆಳೆಯುವವರು ಬಹಳ ಜನ ಇದ್ದಾರೆ. ವೈನ್ ದ್ರಾಕ್ಷಿ ಹಾಕಿದವರೂ ಇದ್ದಾರೆ. ಮುಂದಿನ ಸೀಸನ್ನಿಗೆ ನೀವು ಹಣ್ಣು ಎಲ್ಲಿಂದ ತರುತ್ತೀರಿ ಅಂತ ನನಗೆ ಗೊತ್ತಿಲ್ಲ, ಆದರೆ ಈ ಪತ್ರವನ್ನು ಅವರೂ ಓದುತ್ತಾರೆ.

ಡಬ್ಬಿ ಸ್ಟೀಲಿನದು, ಎರಡು ಅಂಕಣ, ಮುಚ್ಚಳದ ಮೇಲೆ ನಮ್ಮ ಅತ್ತೆಯವರ ಹೆಸರು ಕೊರೆಸಿದೆ. ಅವರ ತವರಿನವರು ಕೊಟ್ಟದ್ದು. ಡಬ್ಬಿ ಎಲ್ಲಿ ಅಂತ ದಿನಾ ಕೇಳುತ್ತಿದ್ದಾರೆ, ನಾನು ಇನ್ನೂ ನಿಮ್ಮ ನಂಬರ್ ಕೊಟ್ಟಿಲ್ಲ. ಅವರಿಗೆ 81 ವರ್ಷ, ಮಧ್ಯಾಹ್ನ ನಿದ್ದೆ ಬರುವುದಿಲ್ಲ, ಫೋನ್ ಹಚ್ಚಲು ಮೊಮ್ಮಗ ಕಲಿಸಿದ್ದಾನೆ.

ಇಂತಿ,
ಬುಕಿಂಗ್ ಮಾಡಿದವರು
ವಿದ್ಯಾನಗರ, ಹುಬ್ಬಳ್ಳಿ