ಬೆಲೆ ಇಳಿದಿದ್ದು ಯಾವ ಮಾಡೆಲ್‌ಗೆ?

ಮಾನ್ಯ ಸಂಪಾದಕರೇ,

ದುಬಾರಿ ಲ್ಯಾಪ್‌ಟಾಪ್‌ಗಳ ಬೆಲೆ ಇಳಿಯಿತು ಅಂದರೆ ಸಾಕು, ನನಗೆ ಗೆಳೆಯರ ಫೋನ್ ಶುರು. ವಿಡಿಯೊ ಎಡಿಟಿಂಗ್ ನನ್ನ ಕಸುಬು, ಅದಕ್ಕೇ ಕೇಳುತ್ತಾರೆ. ಎಷ್ಟು ಇಳಿದಿದೆ ಅನ್ನೋದು ಆಮೇಲೆ, ಯಾವ ಮಾಡೆಲ್‌ಗೆ ಇಳಿದಿದೆ ಅದನ್ನು ಮೊದಲು ಹೇಳಿ ಅನ್ನುತ್ತೇನೆ.

ಆಪಲ್‌ನ ಲ್ಯಾಪ್‌ಟಾಪ್ ಮ್ಯಾಕ್‌ಬುಕ್ ಏರ್ ವಿಷಯವನ್ನೇ ನೋಡಿ. 2020ರ ಕೊನೆಗೆ ಬಂದ, ಎಂ1 ಅನ್ನುವ ಚಿಪ್ ಇರುವ ಮಾಡೆಲ್‌ನಲ್ಲಿ ಮೆಮೊರಿ (ರ್‍ಯಾಮ್) ಶುರುವಾಗುತ್ತಿದ್ದುದು 8 ಜಿಬಿಯಿಂದ. 2024ರ ಅಕ್ಟೋಬರ್‌ನಲ್ಲಿ ಆಪಲ್ ಕಂಪನಿ ಆಮೇಲಿನ ಎಂ2, ಎಂ3 ಚಿಪ್‌ನ ಏರ್‌ಗಳಿಗೆ ಕನಿಷ್ಠ 16 ಜಿಬಿ ಕೊಡಲು ಶುರು ಮಾಡಿತು, ಅದೂ ಆರಂಭದ ಬೆಲೆ ಏರಿಸದೆ. ಇನ್ನು 8 ಜಿಬಿಯದು ಅಗ್ಗಕ್ಕೆ ಸಿಕ್ಕರೆ ಆಶ್ಚರ್ಯವೇನು? ಇದರ ಮೆಮೊರಿ ಚಿಪ್‌ನ ಜತೆಗೇ ಕೂತಿರುತ್ತದೆ. ಆಮೇಲೆ ಹೆಚ್ಚಿಸೋಣ ಅಂದರೆ ಆಗುವುದಿಲ್ಲ. ಪತ್ರ ಬರೆಯೋಕೆ, ಸಿನಿಮಾ ನೋಡೋಕೆ ಅಷ್ಟು ಧಾರಾಳವಾಯಿತು. ಆದರೆ 4ಕೆಯಂಥ ಭಾರೀ ಸ್ಪಷ್ಟತೆಯ ವಿಡಿಯೊ ಕತ್ತರಿಸುತ್ತಾ ಬ್ರೌಸರ್‌ನಲ್ಲಿ ರಾಶಿ ಟ್ಯಾಬ್ ತೆರೆದಿಟ್ಟರೆ ಕಾಯಿರಿ ಅನ್ನುವ ಆ ಬಣ್ಣದ ಚಕ್ರ ಸುಮ್ನೆ ಸುತ್ತುತ್ತಾ ಕೂರುತ್ತದೆ.

ಹಾಗಂತ ಹಳೆ ಮಾಡೆಲ್ ದಂಡ ಅಂತಲ್ಲ. ಫ್ಯಾನೇ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಪರದೆ, ಟ್ರ್ಯಾಕ್‌ಪ್ಯಾಡ್ ದಿನಾ ಕಣ್ಣಿಗೆ, ಕೈಗೆ ಸಿಗುವ ಸುಖ. ಅದಕ್ಕೆ ನಾಲ್ಕು ಕಾಸು ಜಾಸ್ತಿ ಕೊಡೋಣ. ಪ್ರದರ್ಶನಕ್ಕಿಟ್ಟ ಪೀಸ್ ಆದರೆ ಮಾತ್ರ ಬ್ಯಾಟರಿಯ ಸೈಕಲ್ ಕೌಂಟ್, ಅಂದರೆ ಪೂರ್ತಿ ಚಾರ್ಜ್‌ನಷ್ಟು ಬ್ಯಾಟರಿ ಎಷ್ಟು ಸಲ ಖರ್ಚಾಗಿದೆ ಅನ್ನೋದನ್ನು ನೋಡಿಕೊಳ್ಳಿ. ಕಂಪನಿ ಹೇಳುವ ಮಿತಿ 1000.

ಮಾರುವವರಲ್ಲಿ ಒಂದು ಕೋರಿಕೆ. ಎಷ್ಟು ಶೇಕಡಾ ಕಡಿತ ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತೀರಲ್ಲ, ಮಾಡೆಲ್ ಬಂದ ವರ್ಷವನ್ನೂ ಅಷ್ಟೇ ದಪ್ಪಗೆ ಹಾಕಿ.

– ಒಬ್ಬ ವಿಡಿಯೊ ಎಡಿಟರ್